ಹದಿನಾಲ್ಕು ಕ್ಲಬ್‌ಗಳ ಆಯ್ಕೆ

ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿ ಕಡೆಯ ನಮಗೆ ಗಾಲ್ಫ್ ದೂರದ ಆಟ. ಆದರೂ ಟೋಕಿಯೊ ಒಲಿಂಪಿಕ್ಸ್ ನಡೆಯುತ್ತಿದ್ದ 2021ರ ಆಗಸ್ಟ್ 7ರ ಬೆಳಗ್ಗೆ, ಅದರ ನಿಯಮಗಳೇ ಗೊತ್ತಿಲ್ಲದ ನಮ್ಮಂಥವರೂ ಟೀವಿ ಮುಂದೆ ಕುಳಿತಿದ್ದೆವು. ನೀರಜ್ ಚೋಪ್ರಾ ಚಿನ್ನ ಗೆದ್ದದ್ದು ಅಂದಿನ ಸಂಜೆ. ಬೆಳಗಿನ ಹೊತ್ತು ದೇಶದ ಕಣ್ಣೆಲ್ಲ ಬೆಂಗಳೂರಿನ ಅದಿತಿ ಅಶೋಕ್ ಮೇಲಿತ್ತು. ಕಸುಮಿಗಸೆಕಿ ಅಂಗಳದಲ್ಲಿ ನಾಲ್ಕು ದಿನ 67, 66, 68, 68, ಒಟ್ಟು 269 ಹೊಡೆತ. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಅವರದು 267. ಒಂದೇ ಹೊಡೆತದಲ್ಲಿ ಪದಕ ಕೈತಪ್ಪಿತು. ವಿಶ್ವ ಶ್ರೇಯಾಂಕದಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ ನಾಲ್ಕನೆಯವಳಾದಳು.

ಅಲ್ಲಿಂದಾಚೆಗೆ ಈ ಆಟವನ್ನು ಗಮನವಿಟ್ಟು ನೋಡುತ್ತ ಬಂದಿದ್ದೇನೆ. ನನ್ನನ್ನು ಹೆಚ್ಚು ಕಾಡಿದ್ದು ಅಂದು ತಾಯಿ ಮಹೇಶ್ವರಿಯವರು ಮಗಳಿಗೆ ಕ್ಯಾಡಿಯಾಗಿ ಹೊತ್ತ ಬ್ಯಾಗು. ಅಲ್ಲಿದ್ದ 60 ಆಟಗಾರ್ತಿಯರಲ್ಲಿ ಅದಿತಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನವರು. ಅದಕ್ಕೂ ಕೆಲವೇ ವಾರಗಳ ಮುಂಚೆ ಕೋವಿಡ್ ಬಂದು ಹೋಗಿತ್ತು. ಎದುರಾಳಿಗಳು ಚಿಕ್ಕ ಐರನ್ ಹಿಡಿದು ಗ್ರೀನ್‌ಗೆ ಚೆಂಡು ಇಳಿಸುವಾಗ, ಈಕೆ ಹಿಂದೆ ನಿಂತು ಉದ್ದ ಕ್ಲಬ್ಬನ್ನೇ ಹಿಡಿಯಬೇಕಿತ್ತು. ಆ ಉದ್ದ ಕ್ಲಬ್ಬಿನ ಮೇಲೆ ಅವರಿಗೆ ಹಿಡಿತವಿತ್ತು, ಪಟರ್ ಅಂತೂ ಅಂಗೈಯಂತೆ ಕೇಳುತ್ತಿತ್ತು. ತಾನು ಏನು ಹೊಡೆಯಬಲ್ಲೆ ಎಂದು ಬಲ್ಲವಳೊಬ್ಬಳು ತನಗಾಗಿ ತುಂಬಿಕೊಂಡ ಬ್ಯಾಗು ಅದು. ನಮ್ಮ ಹವ್ಯಾಸಿ ಗಾಲ್ಫರುಗಳ ಬ್ಯಾಗುಗಳಲ್ಲಿ ಕಾಣದಿರುವುದು ಈ ಅರಿವೇ.

ನಿಯಮ ಸರಳ. ಒಂದು ಸುತ್ತಿಗೆ 14 ಕ್ಲಬ್ ಮೀರುವಂತಿಲ್ಲ, ಕಡಿಮೆ ಇದ್ದರೆ ಅಡ್ಡಿಯಿಲ್ಲ. ಅಮೆರಿಕದ ಸಂಸ್ಥೆ ಈ ಮಿತಿಯನ್ನು 1938ರಲ್ಲಿ ತಂದಿತು, ಸ್ಕಾಟ್ಲೆಂಡಿನ ಆರ್ ಅಂಡ್ ಎ ಮರುವರ್ಷ. ಅದಕ್ಕೆ ಮುಂಚೆ ಎಲ್ಲೆ ಎಂಬುದೇ ಇರಲಿಲ್ಲ. 1934, 1935ರಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆಯ ಅಮೆಚೂರ್ ಪ್ರಶಸ್ತಿ ಬಾಚಿದ ಲಾಸನ್ ಲಿಟಲ್ ಬ್ಯಾಗಿನಲ್ಲಿ 31ರವರೆಗೆ ಕ್ಲಬ್ ಇರುತ್ತಿದ್ದವು. ಉಕ್ಕಿನ ಶಾಫ್ಟ್ ಬಂದು, ಒಂದೇ ಅಚ್ಚಿನ ಸೆಟ್‌ಗಳು ಮಾರುಕಟ್ಟೆಗೆ ಇಳಿದಿದ್ದ ಕಾಲ. ಪ್ರತಿ ದೂರಕ್ಕೂ ಒಂದೊಂದು ಕ್ಲಬ್ ಕೊಳ್ಳಬಹುದಾದರೆ, ಒಂದೇ ಕ್ಲಬ್ಬಿನಲ್ಲಿ ನಾಲ್ಕು ಬಗೆಯ ಹೊಡೆತ ಹುಟ್ಟಿಸುವ ಕೌಶಲ ಯಾರಿಗೆ ಬೇಕು? ಆ ಆತಂಕದಿಂದಲೇ ಮಿತಿ ಹುಟ್ಟಿತು. ಕ್ಯಾಡಿಗಳ ಹೆಗಲ ಭಾರವೂ ಅಂದಿನ ಚರ್ಚೆಯಲ್ಲಿತ್ತು. 1916ರಲ್ಲಿ ಚಿಕ್ ಎವಾನ್ಸ್ ಬರೀ ಏಳು ಕ್ಲಬ್ ಹಿಡಿದು ಯುಎಸ್ ಓಪನ್ ಗೆದ್ದದ್ದು ಜನರ ನೆನಪಿನಿಂದ ಇನ್ನೂ ಮಾಸಿರಲಿಲ್ಲ.

ಈ ಮಿತಿ ಗಾಲ್ಫಿನ ಅತ್ಯುತ್ತಮ ನಿಯಮಗಳಲ್ಲೊಂದು ಎಂಬುದು ನನ್ನ ಅಭಿಪ್ರಾಯ. ಆಯ್ಕೆಯನ್ನೂ ಆಟದ ಭಾಗವಾಗಿಸಿದ ನಿಯಮವಿದು. ಲೆಕ್ಕ ತಪ್ಪಿದರೆ ಬೆಲೆಯೂ ಉಂಟು. ಸ್ಟ್ರೋಕ್ ಪ್ಲೇಯಲ್ಲಿ ತಪ್ಪು ನಡೆದ ಪ್ರತಿ ಕುಳಿಗೆ ಎರಡು ಹೊಡೆತ ದಂಡ, ಸುತ್ತಿಗೆ ಗರಿಷ್ಠ ನಾಲ್ಕು. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಮೊದಲ ಕುಳಿಯಲ್ಲೇ ಬರ್ಡಿ ಹೊಡೆದು ಮುಂದಿನ ಟೀಗೆ ಬಂದರೆ, ಬ್ಯಾಗಿನಲ್ಲಿ ಎರಡು ಡ್ರೈವರ್! ಒಟ್ಟು 15. ಬೆಳಗಿನ ಅಭ್ಯಾಸದಲ್ಲಿ ಪರೀಕ್ಷಿಸುತ್ತಿದ್ದ ಕ್ಲಬ್ಬನ್ನು ತೆಗೆದಿಡುವುದು ಕ್ಯಾಡಿಗೆ ಮರೆತಿತ್ತು. ಗೆಲುವಿನ ಹಾದಿಯಲ್ಲಿದ್ದವರು ಜಂಟಿ ಮೂರನೆಯವರಾಗಿ ಮುಗಿಸಿದರು.

ನಮ್ಮಲ್ಲಿ ಕೆಡುವುದು ಈ ಎಣಿಕೆಯಲ್ಲಿ ಅಲ್ಲ, ತುಂಬಿಕೊಳ್ಳುವ ಕ್ರಮದಲ್ಲಿ. ಅಂಗಡಿಯಿಂದ ಸೆಟ್ ಬರುತ್ತದೆ. ಡ್ರೈವರ್, 3 ವುಡ್, 4ರಿಂದ 9ರವರೆಗಿನ ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಹೊಳೆಯುವ ಆ ಸೆಟ್ಟನ್ನು ಕೊಂಡವರು ಹಾಗೆಯೇ ಬ್ಯಾಗಿಗೆ ಸುರಿಯುತ್ತಾರೆ. 4 ಐರನ್‌ನಿಂದ ಚೆಂಡನ್ನು ಎತ್ತರಕ್ಕೆ ಏರಿಸಿ ಗ್ರೀನ್ ಮೇಲೆ ನಿಲ್ಲಿಸಬೇಕಾದರೆ ಬೀಸಿನಲ್ಲಿ ಭಾರೀ ವೇಗ ಬೇಕು. ವಾರಕ್ಕೊಮ್ಮೆ ಆಡುವವರ ಕೈಯಲ್ಲಿ ಅದು ನೆಲ ಸವರಿಕೊಂಡು ಓಡುತ್ತದೆ. ಅದೇ ದೂರಕ್ಕೆ ಹೈಬ್ರಿಡ್ಡೋ 7 ವುಡ್ಡೋ ಇದ್ದರೆ ಚೆಂಡು ತಾನೇ ಎದ್ದು ಬರುತ್ತದೆ. ಗೊತ್ತಿದ್ದೂ ಐರನ್ ಬಿಡದವರಿದ್ದಾರೆ, ವುಡ್ ಹಿಡಿದರೆ ತೋಳಲ್ಲಿ ಬಲವಿಲ್ಲ ಎಂದಾರು ಎಂಬ ಅಂಜಿಕೆ. ವುಡ್ ಹಿಡಿಯುವುದರಲ್ಲಿ ಕೀಳೇನೂ ಇಲ್ಲ ಎಂದು ತಿಳಿಯಲು ಅದಿತಿಯವರ ಆಟ ನೋಡಿದರೆ ಸಾಕು.

ದೊಡ್ಡ ಲೋಪ ಇರುವುದು ಬ್ಯಾಗಿನ ಇನ್ನೊಂದು ತುದಿಯಲ್ಲಿ. ಕ್ಲಬ್ಬಿನ ಮುಖ ಹಿಂದಕ್ಕೆ ಎಷ್ಟು ವಾಲಿದೆ ಎಂಬ ಅಳತೆಗೆ ಲಾಫ್ಟ್ ಎನ್ನುತ್ತಾರೆ. 1980ರ ದಶಕದಲ್ಲಿ 7 ಐರನ್ನಿನ ಲಾಫ್ಟ್ ಸುಮಾರು 35 ಡಿಗ್ರಿ. ಇಂದಿನ ಎಷ್ಟೋ ಸೆಟ್‌ಗಳಲ್ಲಿ ಅದು 30ಕ್ಕೂ ಕೆಳಗೆ. ಅಂಕಿ ಅದೇ, ದೂರ ಹೆಚ್ಚು, ಕೊಂಡವರಿಗೆ ಸಂತೋಷ. ಹೀಗೆ ಮೇಲಿಂದ ಎಳೆದು ಎಳೆದು ಪಿಚಿಂಗ್ ವೆಜ್ 44 ಡಿಗ್ರಿ ಆಸುಪಾಸಿಗೆ ಬಂದು ನಿಂತಿದೆ, ಸ್ಯಾಂಡ್ ವೆಜ್ ಮಾತ್ರ ಹಿಂದಿನ ಹಾಗೆ 56ರಲ್ಲೇ ಉಳಿದಿದೆ. ನಡುವೆ 12 ಡಿಗ್ರಿ ಬಯಲು. ಹಡಗಲಿ ಮಲ್ಲಿಗೆಯ ದಂಡೆಯಲ್ಲಿ ಎರಡು ಹೂವಿನ ನಡುವೆ ನಾರು ಕಂಡರೆ ಕೊಳ್ಳುವವರು ಕೈಗೆತ್ತಿಕೊಳ್ಳುವುದಿಲ್ಲ. ಇಲ್ಲಿ ಆಟದ ಅತಿ ಬೇಕಾದ ಜಾಗದಲ್ಲೇ ಅಂಥ ಖಾಲಿ ಬಿದ್ದಿದೆ. ಎಂಬತ್ತೋ ತೊಂಬತ್ತೋ ಗಜದ ಹೊಡೆತ ಬಂದಾಗ ಹವ್ಯಾಸಿಯ ಕೈಯಲ್ಲಿ ಅದಕ್ಕೊಪ್ಪುವ ಕ್ಲಬ್ಬೇ ಇರುವುದಿಲ್ಲ. ಒಂದನ್ನು ಅರ್ಧ ಬೀಸುತ್ತಾನೆ, ಇನ್ನೊಂದನ್ನು ಮೈಮುರಿದು ಹೊಡೆಯುತ್ತಾನೆ. 4 ಐರನ್ ಮನೆಯಲ್ಲಿಟ್ಟು 50 ಡಿಗ್ರಿಯ ಗ್ಯಾಪ್ ವೆಜ್ ತಂದರೆ ಈ ತೊಂದರೆಯ ಬಹುಪಾಲು ತೀರುತ್ತದೆ.

ಅಂಗಳವೂ ಮಾತಾಡಬೇಕು. 1876ರಲ್ಲಿ ಆರಂಭವಾದ, ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ ನಗರದ ಮಧ್ಯೆ ಸಿಕ್ಕಿಕೊಂಡ ಕಿರಿದಾದ ಅಂಗಳ. ಅಲ್ಲಿ ಡ್ರೈವರ್ ಎತ್ತುವುದು ಬಹಳ ಸಲ ಅಪಾಯಕ್ಕೆ ಆಹ್ವಾನ, ಗೆಲ್ಲಿಸುವುದು ವೆಜ್. ದೊಮ್ಮಲೂರು ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳವನ್ನು ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಪೀಟರ್ ಥಾಮ್ಸನ್ ರೂಪಿಸಿದರು. ಅದು ಉದ್ದ, ನೀರೂ ಹೆಚ್ಚು. ಐದು ವರ್ಷದ ಅದಿತಿಗೆ ಈ ಆಟದ ರುಚಿ ಹತ್ತಿದ್ದು ಅಲ್ಲೇ. ಎರಡೂ ಕಡೆ ಒಂದೇ ಬ್ಯಾಗು ಹೊತ್ತು ಆಡುವವರು ಅಂಗಳವನ್ನು ಓದುತ್ತಿಲ್ಲ ಎಂದೇ ಹೇಳಬೇಕು. ಎತ್ತರದ್ದೂ ಒಂದು ಲೆಕ್ಕವಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ; ಗಾಳಿ ತೆಳುವಾದ್ದರಿಂದ ಚೆಂಡು ನೂರಕ್ಕೆ ಮೂರ್ನಾಲ್ಕು ಗಜ ಹೆಚ್ಚು ಹೋಗುತ್ತದೆ. ಬೆಂಗಳೂರಿನ ಲೆಕ್ಕ ಹಿಡಿದು ಮಂಗಳೂರಿನ ಪಿಲಿಕುಳದಲ್ಲಿ ಹೊಡೆದರೆ ಚೆಂಡು ಗ್ರೀನ್‌ನ ಅಂಚಿನಿಂದ ಈಚೆಗೇ ಬೀಳುತ್ತದೆ.

ಅಂಗಳ ಓದಿ ಬ್ಯಾಗು ಕಟ್ಟುವುದರಲ್ಲಿ ಫಿಲ್ ಮಿಕಲ್ಸನ್‌ಗೆ ಸಮ ಬೇರೊಬ್ಬರಿಲ್ಲ. 2006ರ ಮಾಸ್ಟರ್ಸ್‌ನಲ್ಲಿ ಎರಡು ಡ್ರೈವರ್ ಹೊತ್ತು ಗೆದ್ದರು, ಒಂದು ಚೆಂಡು ಎಡಕ್ಕೆ ತಿರುಗಿಸಲು, ಇನ್ನೊಂದು ಬಲಕ್ಕೆ. 2013ರಲ್ಲಿ ಮ್ಯೂರ್‌ಫೀಲ್ಡ್‌ನ ಗಟ್ಟಿ ನೆಲ ಕಂಡು ಡ್ರೈವರನ್ನೇ ಬಿಟ್ಟು ಬ್ರಿಟಿಷ್ ಓಪನ್ ಗೆದ್ದರು. ಡ್ರೈವರ್ ಇಲ್ಲದ ಬ್ಯಾಗು ಬ್ಯಾಗೇ ಅಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಚರ್ಚೆಯಲ್ಲಿ ಪಟರ್ ಮೂಲೆಗೆ ಬೀಳುತ್ತದೆ. 72 ಪಾರ್‌ನ ಅಂಗಳದಲ್ಲಿ ಕುಳಿಗೆ ಎರಡರಂತೆ 36 ಹೊಡೆತ ಪಟರ್‌ಗೇ ಮೀಸಲು, ಅಂದರೆ ಆಟದ ಅರ್ಧ. ಆದರೂ ಹೊಸ ಡ್ರೈವರ್‌ಗೆ ಲೆಕ್ಕವಿಡದೆ ಖರ್ಚು ಮಾಡುವವರು, ಸೆಟ್ ಜೊತೆ ಬಂದ ಪಟರ್ ತಮ್ಮ ಎತ್ತರಕ್ಕೆ ಸರಿಯಿದೆಯೇ ಎಂದು ನಿಂತು ನೋಡುವುದಿಲ್ಲ. ಕೈ ತುಸು ಕೆಳಗೆ ಹಿಡಿದು ಹೊಂದಿಸಿಕೊಳ್ಳುತ್ತಾರೆ, ಚೆಂಡು ಕುಳಿಯ ಅಂಚು ಸವರಿ ಹೋದಾಗ ಗ್ರೀನನ್ನು ದೂರುತ್ತಾರೆ. ಇದು ಸಣ್ಣ ತಪ್ಪಲ್ಲ.

ಕಡಿಮೆ ಕ್ಲಬ್ಬಿನಲ್ಲಿ ಕಲಿತವರ ಕೈ ಬೇರೆಯೇ ಇರುತ್ತದೆ. ಸೆವೆ ಬ್ಯಾಲೆಸ್ಟೆರೋಸ್ ಬಾಲ್ಯದಲ್ಲಿ ಸ್ಪೇನಿನ ಕಡಲತೀರದ ಮರಳಲ್ಲಿ ಒಂದೇ ಒಂದು 3 ಐರನ್ ಹಿಡಿದು ಕಲಿತರು. ನಮ್ಮವರೇ ಆದ ಎಸ್. ಚಿಕ್ಕರಂಗಪ್ಪ ಬಿಡದಿಯ ಈಗಲ್‌ಟನ್ ಅಂಗಳದ ಪಕ್ಕದ ಬಡ ಮನೆಯಿಂದ ಬಂದು ವೃತ್ತಿಪರ ಆಟಗಾರರಾದರು. ಸೆಟ್ಟು ಕೊಂಡುಕೊಡುವ ಅನುಕೂಲ ಅಂಥ ಮನೆಗಳಿಗೆ ಎಲ್ಲಿಂದ ಬರಬೇಕು? ದೇಶದ ಎಷ್ಟೋ ಅಂಗಳಗಳಲ್ಲಿ ಕ್ಯಾಡಿ ಹುಡುಗರು ಸದಸ್ಯರು ಬಿಟ್ಟುಕೊಟ್ಟ ಒಂದೆರಡು ಕ್ಲಬ್ಬಲ್ಲೇ ಆಟ ಕಲಿಯುತ್ತಾರೆ. ಒಂದೇ 7 ಐರನ್ನಿನಲ್ಲಿ ಚೆಂಡು ಎತ್ತುತ್ತಾರೆ, ತಗ್ಗಿಸುತ್ತಾರೆ, ಉರುಳಿಸುತ್ತಾರೆ. ಸೌಕರ್ಯವಿಲ್ಲದೆ ಬಂದ ಈ ಪಾಠವನ್ನು ಸೌಕರ್ಯವಿರುವ ಮಕ್ಕಳಿಗೂ ಕೊಡಬಹುದಲ್ಲ?

ಆದ್ದರಿಂದ ತರಬೇತಿ ಕೊಡುವವರಲ್ಲಿ ನನ್ನ ಒತ್ತಾಯ ಇಷ್ಟು. ಹೊಸಬರಿಗೆ ಮೊದಲ ವರ್ಷ ಪೂರ್ತಿ ಸೆಟ್ ಕೊಡಿಸಬೇಡಿ. ಒಂದು 5 ವುಡ್, ಒಂದು ಹೈಬ್ರಿಡ್, 7 ಮತ್ತು 9 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಅವರ ಎತ್ತರಕ್ಕೆ ಅಳೆದು ಕೊಟ್ಟ ಪಟರ್. ಎಂಟನೆಯದನ್ನು ಯಾವ ದೂರಕ್ಕೆ ಸೇರಿಸಬೇಕೆಂದು ಅವರೇ ಬಂದು ಕೇಳುವವರೆಗೆ ಈ ಏಳು ಸಾಕು.