ಮೊಟ್ಟೆ ಪೋಚಿಂಗ್: ಉಪಾಯಗಳೆಷ್ಟು, ಉಪಯೋಗವೆಷ್ಟು

ಚಿಪ್ಪು ಒಡೆದ ಮೊಟ್ಟೆಯನ್ನು ಎಣ್ಣೆ ತಾಗಿಸದೆ, ಕುದಿಗಿಂತ ತುಸು ಕಡಿಮೆ ಬಿಸಿಯಿರುವ ನೀರಿಗೆ ನೇರವಾಗಿ ಬಿಟ್ಟು ಬೇಯಿಸುವುದೇ ಪೋಚಿಂಗ್. ಬೇಕಾಗುವ ಸಾಮಾನು ಮೊಟ್ಟೆ, ನೀರು, ಉರಿ, ಇಷ್ಟೇ. ಚೆನ್ನಾಗಿ ಬಂದರೆ ಬಿಳಿಭಾಗ ಮೆತ್ತಗೆ, ದುಂಡಗೆ ಹಳದಿಯನ್ನು ಸುತ್ತಿಕೊಂಡಿರುತ್ತದೆ. ಚಮಚ ತಾಗಿಸಿದರೆ ಹಳದಿ ನಿಧಾನವಾಗಿ ಹರಿಯುತ್ತದೆ. ಕೆಟ್ಟರೆ ಪಾತ್ರೆಯ ತುಂಬ ಬಿಳಿ ಎಳೆಗಳು, ಮೇಲೆ ನೊರೆ, ತಳದಲ್ಲಿ ಒಂಟಿ ಹಳದಿ. ಹೀಗಾಗದಿರಲು ಹೇಳಿಕೊಡುವ ಸುಲಭೋಪಾಯಗಳು ಹತ್ತಾರು: ನೀರಿಗೆ ವಿನೆಗರ್ ಹಾಕಿ, ನೀರನ್ನು ಸುಳಿಯಾಗಿ ತಿರುಗಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಗಂಟು ಕಟ್ಟಿ, ಮೈಕ್ರೋವೇವ್‌ನಲ್ಲಿಡಿ, ಸಿಲಿಕೋನ್ ಬಟ್ಟಲು ಕೊಳ್ಳಿ. ಇವುಗಳಲ್ಲಿ ಹೆಚ್ಚಿನವು ರೋಗವನ್ನು ಬಿಟ್ಟು ಅದರ ಲಕ್ಷಣಕ್ಕೆ ಮದ್ದು ಹಚ್ಚುತ್ತವೆ ಎಂಬುದು ನನ್ನ ವಾದ. ನೀರಿಗೆ ಬಿದ್ದು ಚದುರತೊಡಗಿದ ಲೋಳೆಯನ್ನು ಹಿಡಿದಿಡಲು ಅವು ಹೆಣಗುತ್ತವೆ. ಚದುರುವ ಲೋಳೆ ನೀರಿಗೆ ಬೀಳದಂತೆಯೇ ನೋಡಿಕೊಳ್ಳುವುದು ಅದಕ್ಕಿಂತ ಸುಲಭ, ಅಗ್ಗ, ಮತ್ತು ಹೆಚ್ಚು ನಂಬಬಹುದಾದ ದಾರಿ.

ಚದುರುವುದು ಯಾವುದು ಎಂದು ತಿಳಿಯಬೇಕಾದರೆ ಒಂದು ಮೊಟ್ಟೆಯನ್ನು ಚಪ್ಪಟೆ ತಟ್ಟೆಗೆ ಒಡೆದು ನೋಡಬೇಕು. ಬಿಳಿಭಾಗ ಒಂದೇ ಬಗೆಯದಲ್ಲ. ಹಳದಿಯ ಸುತ್ತ ದಿಬ್ಬದಂತೆ ಎದ್ದು ನಿಂತಿರುವುದು ಗಟ್ಟಿ ಲೋಳೆ. ಅದರಾಚೆ ತಟ್ಟೆಯ ಅಂಚಿನತ್ತ ನೀರಾಗಿ ಹರಿಯುವುದು ತೆಳು ಲೋಳೆ. ಇಟ್ಟ ಹೊಸದರಲ್ಲಿ ಗಟ್ಟಿಯದೇ ಹೆಚ್ಚು. ದಿನ ಕಳೆದಂತೆ ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಲೋಳೆಯ ಕ್ಷಾರಗುಣ ಏರುತ್ತದೆ, ಗಟ್ಟಿ ಲೋಳೆಯ ಹೆಣಿಗೆ ಸಡಿಲವಾಗಿ ತೆಳುವಾಗುತ್ತದೆ. ಮೊಟ್ಟೆ ಉದ್ಯಮ ಇಂದಿಗೂ ಗುಣಮಟ್ಟವನ್ನು ಅಳೆಯುವುದು ಇದರ ಮೇಲೆಯೇ: ಅಮೆರಿಕದ ರೇಮಂಡ್ ಹಾ 1937ರಲ್ಲಿ ರೂಪಿಸಿದ ಮಾಪನ ಮೊಟ್ಟೆಯ ತೂಕಕ್ಕೆ ಹೋಲಿಸಿ ಗಟ್ಟಿ ಲೋಳೆಯ ಎತ್ತರವನ್ನು ಲೆಕ್ಕ ಹಾಕುತ್ತದೆ. ಈ ಮುಪ್ಪು ಸೆಕೆಯಲ್ಲಿ ಬೇಗ ಬರುತ್ತದೆ, ತಂಪಿನಲ್ಲಿ ತಡವಾಗಿ. ನಮ್ಮ ಊರುಗಳಲ್ಲಿ ನಾಮಕ್ಕಲ್ಲಿನಿಂದಲೋ ಹೊಸಪೇಟೆ ಕಡೆಯಿಂದಲೋ ಬಂದ 30ರ ಟ್ರೇ ಅಂಗಡಿಯ ಮುಂದೆ ಬಿಸಿಲ ಝಳದಲ್ಲೇ ಕೂತಿರುತ್ತದೆ. ಮೊಟ್ಟೆಯ ದರ ದಿನದಿನವೂ ಗೊತ್ತಾಗುತ್ತದೆ. ಬಿಡಿಯಾಗಿ ಕೊಳ್ಳುವ ಮೊಟ್ಟೆ ಯಾವ ದಿನ ಇಟ್ಟದ್ದು ಎಂಬುದು ಮಾತ್ರ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ತಾಜಾ ಮೊಟ್ಟೆಯಿಂದ ಮಾಡಿ ಎಂದು ಸಲಹೆ ಕೊಟ್ಟು ಮುಂದೆ ಹೋಗುವ ಪಾಕಪುಸ್ತಕಗಳು ನಮಗೆ ಅರ್ಧ ಮಾತ್ರ ಸಹಾಯ ಮಾಡುತ್ತವೆ. ತಣ್ಣೀರಿನಲ್ಲಿ ಹಾಕಿ ನೋಡುವ ಪರೀಕ್ಷೆ ನಿಜಕ್ಕೂ ಉಪಯುಕ್ತ: ತಳದಲ್ಲಿ ಅಡ್ಡಲಾಗಿ ಮಲಗಿದರೆ ಹೊಸದು, ನೆಟ್ಟಗೆ ನಿಂತರೆ ಹಳೆಯದು, ತೇಲಿದರೆ ಬೇಡವೇ ಬೇಡ.

ಎರಡನೆಯ ಸಂಗತಿ ನೀರಿನ ಬಿಸಿ. ಬಿಳಿಭಾಗದಲ್ಲಿರುವ ಪ್ರೋಟೀನುಗಳಲ್ಲಿ ಒಂದು 60 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಹೆಪ್ಪುಗಟ್ಟತೊಡಗುತ್ತದೆ. ಅತಿ ಹೆಚ್ಚಿನ ಪಾಲಿರುವ ಓವಾಲ್ಬುಮಿನ್ ಗಟ್ಟಿಯಾಗುವುದು 80ರ ಸುಮಾರಿಗೆ. ಹಳದಿ 65ರ ಹೊತ್ತಿಗೆ ದಪ್ಪವಾಗಿ 70ರ ಹೊತ್ತಿಗೆ ನಿಂತುಬಿಡುತ್ತದೆ. ಅಂದರೆ ಬಿಳಿ ಪೂರ್ತಿ ಬೇಯಲು ಬೇಕಾದ ಬಿಸಿ ಹಳದಿಗೆ ಬೇಕಾದದ್ದಕ್ಕಿಂತ ಹೆಚ್ಚು. ಜಪಾನಿನ ಓನ್ಸೆನ್ ತಮಾಗೊ ಎಂಬ ಮೊಟ್ಟೆಯನ್ನು ಚಿಪ್ಪಿನ ಸಮೇತ ಬಿಸಿನೀರಿನ ಬುಗ್ಗೆಯ ಮಂದ ಬಿಸಿಯಲ್ಲಿ ಬಹಳ ಹೊತ್ತು ಇಡುತ್ತಾರೆ. ಅಲ್ಲಿ ಹಳದಿ ಕೆನೆಯಂತೆ ಕೂತಿರುತ್ತದೆ, ಬಿಳಿಯೇ ಇನ್ನೂ ಸಡಿಲ. ಪೋಚಿಂಗ್‌ನ ಗುರಿ ಇದಕ್ಕೆ ತೀರಾ ವಿರುದ್ಧವಾದದ್ದರಿಂದ ಇಲ್ಲಿ ಹೊರಗಿನ ಬಿಸಿ ಸಾಕಷ್ಟಿರಬೇಕು, ಒಳಗೆ ಬಿಸಿ ಇಳಿಯುವ ಮೊದಲೇ ಮೊಟ್ಟೆ ಹೊರಬರಬೇಕು. 80ರಿಂದ 90 ಡಿಗ್ರಿಯ ನೀರು, ಮೂರರಿಂದ ನಾಲ್ಕು ನಿಮಿಷ, ಇದು ಸರಿಯಾದ ಅಳತೆ. ಮರಳುವ ನೀರಿನ ದೋಷ ಬರೀ ಬಿಸಿಯಲ್ಲಿಲ್ಲ, ಅದರ ಕುಣಿತದಲ್ಲಿದೆ: ಏಳುವ ಗುಳ್ಳೆಗಳು ಇನ್ನೂ ಹೆಪ್ಪುಗಟ್ಟದ ಲೋಳೆಯನ್ನು ಚಿಂದಿ ಮಾಡುತ್ತವೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ಗಟ್ಟಿ ಬೇಯಿಸುವವರಿಗೆ ತುಸು ಹೊತ್ತು ಹೆಚ್ಚು ಬೇಕಾಗಬಹುದು; ಪೋಚಿಂಗ್‌ಗೆ ಅದರಿಂದ ಬಾಧಕವಿಲ್ಲ.

ಈ ಬೆಳಕಿನಲ್ಲಿ ವಿನೆಗರ್ ಉಪಾಯವನ್ನು ನೋಡೋಣ. ಹುಳಿ ಲೋಳೆಯ ಕ್ಷಾರಗುಣವನ್ನು ತಗ್ಗಿಸಿ ಹೆಪ್ಪುಗಟ್ಟುವುದನ್ನು ಚುರುಕುಗೊಳಿಸುತ್ತದೆ, ಆದ್ದರಿಂದ ಇದು ಬರೀ ನಂಬಿಕೆಯಲ್ಲ. ಆದರೆ ಅದು ಕೆಲಸ ಮಾಡುವುದು ಮೊಟ್ಟೆಯ ಹೊರಮೈಯ ಮೇಲೆ. ಹರಿದುಹೋಗುತ್ತಿರುವ ತೆಳು ಲೋಳೆಯನ್ನೂ ಅದು ಹರಿದಲ್ಲೇ ಹೆಪ್ಪುಗಟ್ಟಿಸಿ ಎಳೆ ಮಾಡಿಬಿಡುತ್ತದೆ. ಮೊಟ್ಟೆಯ ಮೇಲೆ ಒರಟು ಪೊರೆ ಕೂರುತ್ತದೆ. ಕೈ ಸ್ವಲ್ಪ ಜಾರಿದರೂ ಹುಳಿವಾಸನೆ ತಟ್ಟೆಯವರೆಗೆ ಬರುತ್ತದೆ. ಅಡುಗೆಯ ವಿಜ್ಞಾನದ ಬಗ್ಗೆ 1984ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ ಹೆರಾಲ್ಡ್ ಮೆಕ್‌ಗೀ ಕೂಡ ಈ ಚೂರುಗಳನ್ನು, ಪೊರೆಯನ್ನು ಗುರುತಿಸಿದ್ದಾರೆ. ಸುಳಿಯ ಉಪಾಯ ಕಣ್ಣಿಗೆ ಚೆಂದ: ಚಮಚದಿಂದ ನೀರನ್ನು ತಿರುಗಿಸಿ, ನಡುಗುಣಿಗೆ ಮೊಟ್ಟೆ ಬಿಟ್ಟರೆ ಬಿಳಿ ಹಳದಿಗೆ ಸುತ್ತಿಕೊಳ್ಳುತ್ತದೆ. ಒಂದು ತಾಜಾ ಮೊಟ್ಟೆಗೆ ಇದು ನಡೆಯುತ್ತದೆ. ಎರಡನೆಯ ಮೊಟ್ಟೆಯನ್ನು ಅದೇ ಸುಳಿಗೆ ಬಿಡುವಂತಿಲ್ಲ. ನಾಲ್ವರ ಮನೆಯಲ್ಲಿ ನಾಲ್ಕು ಸಲ ಕಾಯಬೇಕು. ಹಳೆಯ ಮೊಟ್ಟೆಯಾದರೆ ಓಡುವ ನೀರು ತೆಳು ಲೋಳೆಯನ್ನು ಇನ್ನಷ್ಟು ದೂರ ಎಳೆದೊಯ್ಯುತ್ತದೆ. ಯಾವಾಗ ಸಹಾಯ ತೀರಾ ಬೇಕೋ ಆಗಲೇ ಕೈಕೊಡುವ ಉಪಾಯವನ್ನು ಸುಲಭ ಎಂದು ಕರೆಯುವುದು ಸರಿಯಲ್ಲ.

ಇವೆಲ್ಲಕ್ಕಿಂತ ಮೇಲು ಎಂದು ನಾನು ಹೇಳುವುದು ಸೋಸುವ ವಿಧಾನವನ್ನು. ಮೆಕ್‌ಗೀ ಸೂಚಿಸಿದ್ದು ತೂತಿನ ಸೌಟು. ನಮ್ಮ ಅಡುಗೆಮನೆಯಲ್ಲಿ ಪೂರಿ ಎತ್ತುವ ಜಾಲರಿ ಸೌಟೋ, ಅಗಲವಾದ ಟೀ ಸೋಸುವ ಜಾಲರಿಯೋ ಸಾಕು. ಮೊಟ್ಟೆಯನ್ನು ಮೊದಲು ಬಟ್ಟಲಿಗೆ ಒಡೆದು, ಅಲ್ಲಿಂದ ಜಾಲರಿಗೆ ಜಾರಿಸಬೇಕು. ನೀರಾದ ಲೋಳೆ ತೊಟ್ಟಿಕ್ಕುತ್ತದೆ. ಅರ್ಧ ನಿಮಿಷದಲ್ಲಿ ಜಾಲರಿಯ ಮೇಲೆ ಗಟ್ಟಿ ಲೋಳೆ, ನಡುವೆ ಹಳದಿ, ಇಷ್ಟೇ ಉಳಿದು ಮೊಟ್ಟೆ ಮೈಮುದುರಿಕೊಂಡು ಕೂರುತ್ತದೆ. ಜಾಲರಿಯನ್ನು ಒಮ್ಮೆ ಮೆಲ್ಲಗೆ ಅಲುಗಿಸಿ, ಅದನ್ನೇ ಬಿಸಿನೀರಿಗೆ ಇಳಿಸಿ ಓರೆಮಾಡಿದರೆ ಮೊಟ್ಟೆ ಸದ್ದಿಲ್ಲದೆ ನೀರಿಗೆ ಸೇರುತ್ತದೆ. ಎಳೆಯಿಲ್ಲ, ನೊರೆಯಿಲ್ಲ, ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ. ಒಂದರ ಹಿಂದೆ ಒಂದರಂತೆ ನಾಲ್ಕನ್ನೂ ಬಿಡಬಹುದು. ಉರಿಯ ತಾಪತ್ರಯವೂ ಬೇಡವೆನ್ನುವವರು ನೀರನ್ನು ಕುದಿಸಿ, ಉರಿ ಆರಿಸಿ, ಮೊಟ್ಟೆ ಬಿಟ್ಟು ಮುಚ್ಚಳ ಮುಚ್ಚಿ ನಾಲ್ಕು ನಿಮಿಷ ಕಾಯಬಹುದು. ಇದಕ್ಕೆ ನೀರು ಧಾರಾಳವಾಗಿರಬೇಕು. ಒಂದು ಲೀಟರ್ ಕುದಿನೀರಿಗೆ ಒಂದು ಮೊಟ್ಟೆ ಬಿದ್ದರೆ ಬಿಸಿ ಇಳಿಯುವುದು ಸುಮಾರು 3 ಡಿಗ್ರಿ. ಅರ್ಧ ಲೀಟರಿಗೆ ನಾಲ್ಕು ಮೊಟ್ಟೆ ಬಿಟ್ಟರೆ ನೀರು 80ರ ಆಸುಪಾಸಿಗೆ ಕುಸಿದು, ಆಮೇಲೆ ಇನ್ನೂ ಆರುತ್ತಲೇ ಹೋಗುತ್ತದೆ. ಆಗ ಬಿಳಿ ಹಸಿಯಾಗಿಯೇ ಉಳಿಯುವುದು ಮೊಟ್ಟೆಯ ತಪ್ಪಲ್ಲ.

ಸೋಸಿದರೆ ತಿನ್ನುವ ಪದಾರ್ಥ ಪೋಲಾಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಮೊಟ್ಟೆ ಕೊಳ್ಳುವುದೇ ಪ್ರೋಟೀನಿಗಾಗಿ ಎನ್ನುವ ಮನೆಗಳಲ್ಲಿ ಅದು ಸಣ್ಣ ಮಾತೂ ಅಲ್ಲ. ಆದರೆ ಸೋಸದೆ ಬಿಟ್ಟರೂ ಆ ಲೋಳೆ ತಟ್ಟೆಗೆ ಬರುವುದಿಲ್ಲ. ಚೂರುಚೂರಾಗಿ ಬಚ್ಚಲಿಗೆ ಹೋಗುವ ನೀರಿನ ಜೊತೆ ಹೋಗುತ್ತದೆ. ಸೋಸಿದ್ದಾದರೆ ಬಟ್ಟಲಿನಲ್ಲಿ ಶುದ್ಧವಾಗಿರುತ್ತದೆ, ಅದೇ ದಿನದ ಆಮ್ಲೆಟ್ಟಿಗೋ ಬುರ್ಜಿಗೋ ಸೇರಿಸಬಹುದು. ತಾಜಾ ಮೊಟ್ಟೆಗೆ ಇದೆಲ್ಲ ಬೇಕೇ ಎಂದರೆ, ಬೇಡ. ತೊಟ್ಟಿಕ್ಕುವಷ್ಟು ತೆಳು ಲೋಳೆಯೇ ಅದರಲ್ಲಿ ಹೆಚ್ಚಿರುವುದಿಲ್ಲ. ಜಾಲರಿ ಎಷ್ಟು ಬೇಕೋ ಅಷ್ಟನ್ನೇ ತೆಗೆಯುತ್ತದೆ ಎಂಬುದೂ ಈ ವಿಧಾನದ ಒಂದು ಗುಣವೇ.

ಉಳಿದ ಉಪಾಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದ ಜೂಲಿಯಾ ಚೈಲ್ಡ್ ಹೇಳಿಕೊಟ್ಟಂತೆ, ಮೊಟ್ಟೆಯ ದಪ್ಪ ತುದಿಗೆ ಸೂಜಿಯಿಂದ ಚುಚ್ಚಿ, ಚಿಪ್ಪಿನ ಸಮೇತ 10 ಸೆಕೆಂಡು ಕುದಿನೀರಿನಲ್ಲಿಟ್ಟು ಆಮೇಲೆ ಒಡೆಯುವುದು ಬುದ್ಧಿವಂತ ಕ್ರಮ. ಹೊರಗಿನ ಲೋಳೆ ಮೊದಲೇ ತುಸು ಕೂಡಿಕೊಂಡಿರುತ್ತದೆ. ತೀರಾ ಹಳೆಯ ಮೊಟ್ಟೆಯನ್ನು ಅದು ಉಳಿಸಲಾರದು. ಪ್ಲಾಸ್ಟಿಕ್ ಹಾಳೆಯ ಗಂಟು ಆಕಾರ ಕೊಡುತ್ತದೆ ನಿಜ, ಆದರೆ ಬೇರೆ ದಾರಿ ಇರುವಾಗ ಪ್ಯಾಕಿಂಗಿಗೆಂದು ಮಾಡಿದ ಹಾಳೆಯನ್ನು ಕುದಿಬಿಸಿಗೆ ಒಡ್ಡಿ ಅದರೊಳಗಿನದನ್ನು ತಿನ್ನುವ ಅಗತ್ಯ ನನಗೆ ಕಾಣದು. ಮೈಕ್ರೋವೇವ್‌ನಲ್ಲಿ ಹಳದಿಯೊಳಗೆ ಹಬೆ ಕಟ್ಟಿಕೊಂಡು ಸಿಡಿಯುತ್ತದೆ, ಬಾಯಿಗೆ ಹೋದ ಮೇಲೂ ಸಿಡಿಯಬಹುದು. ಹಳದಿಗೆ ಚುಚ್ಚಿಟ್ಟರೆ ಅಪಾಯ ಕಡಿಮೆಯಾದೀತು, ಬೇಯುವಿಕೆ ಆಗಲೂ ಸಮವಾಗದು. ಸಿಲಿಕೋನ್ ಬಟ್ಟಲಿನಲ್ಲೋ ಎಣ್ಣೆ ಸವರಿದ, ತೂತಿಲ್ಲದ ಇಡ್ಲಿ ತಟ್ಟೆಯಲ್ಲೋ ಹಬೆಯಲ್ಲಿ ಬೇಯಿಸಿದ್ದು ಒಳ್ಳೆಯ ತಿಂಡಿ, ಮಕ್ಕಳಿಗೂ ಇಷ್ಟ. ಅದರ ಮೈ ಮಾತ್ರ ಬಿಗಿಯಾಗಿ ರಬ್ಬರಿನ ಕಡೆ ವಾಲುತ್ತದೆ. ನೀರಿನಲ್ಲಿ ಬೆಂದ ಬಿಳಿಯ ಮೃದುತನ ಅದಕ್ಕೆ ಬರುವುದಿಲ್ಲ.

ಪೋಚಿಂಗ್ ನಮ್ಮದಲ್ಲದ, ಕೆಫೆಗಳ ಅಡುಗೆ, ಅದಕ್ಕೆ ಇಷ್ಟು ಚರ್ಚೆ ಯಾಕೆ ಎನ್ನುವವರಿದ್ದಾರೆ. ಮೊಟ್ಟೆ ಒಡೆದು ಬಿಡುವ ಸಾರನ್ನು ಅವರು ನೆನೆಯಬೇಕು. ಈರುಳ್ಳಿ, ಟೊಮೆಟೊ, ಕಾಯಿ, ಧನಿಯಾಪುಡಿ ರುಬ್ಬಿ ಹಾಕಿದ ಮಸಾಲೆ ಕುದ್ದು ಗಟ್ಟಿಯಾದ ಮೇಲೆ ಉರಿ ತಗ್ಗಿಸುತ್ತಾರೆ. ಪಾತ್ರೆಯ ಅಂಚಿನುದ್ದಕ್ಕೂ ಒಂದೊಂದಾಗಿ ಮೊಟ್ಟೆ ಒಡೆದು ಬಿಡುತ್ತಾರೆ. ಬಿಳಿ ಗಟ್ಟಿಯಾಗುವವರೆಗೆ ಸೌಟು ಆಡಿಸಬಾರದು ಎಂದು ಎಚ್ಚರಿಸುತ್ತಾರೆ. ಇದು ಅಪ್ಪಟ ಪೋಚಿಂಗ್. ಇಲ್ಲಿ ಸುಳಿಯಿಲ್ಲ, ವಿನೆಗರ್ ಬಾಟಲಿಯಿಲ್ಲ. ಮಂದವಾದ ಮಸಾಲೆ ಲೋಳೆಯನ್ನು ಹರಿಯಗೊಡುವುದಿಲ್ಲ, ಹುಣಸೆ ಟೊಮೆಟೊಗಳ ಹುಳಿ ರುಚಿಯ ಭಾಗವಾಗಿಯೇ ಇರುತ್ತದೆ, ತುಸು ಚದುರಿದ ಎಳೆಯೂ ಸಾರಿನಲ್ಲಿ ಬೆರೆತು ಮುದ್ದೆಯ ಜೊತೆ ಹೊಟ್ಟೆ ಸೇರುತ್ತದೆ. ಕಡಿಮೆ ಉರಿ, ಅಲುಗದ ದ್ರವ, ಹರಡದ ಲೋಳೆ: ಕೆಫೆಯ ತಟ್ಟೆಗೆ ಬೇಕಾದ ಮೂರೂ ನಿಯಮಗಳು ಇಲ್ಲಿ ಆಗಲೇ ಇವೆ. ಮಸಾಲೆಯ ಮಂದತನ ಬರೀ ನೀರಿಗೆ ಇಲ್ಲದಿರುವುದರಿಂದಲೇ ಅಲ್ಲಿ ಜಾಲರಿ ಬೇಕಾಗುತ್ತದೆ.

ಹರಿಯುವ ಹಳದಿ ತಿನ್ನುವುದು ಸುರಕ್ಷಿತವೇ ಎಂಬುದು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ಬ್ರಿಟನ್ನಿನಲ್ಲಿ 1988ರಲ್ಲಿ ಮೊಟ್ಟೆಯ ಸಾಲ್ಮೊನೆಲ್ಲಾ ಭೀತಿ ಎಷ್ಟು ದೊಡ್ಡದಾಯಿತೆಂದರೆ ಆ ಬಗ್ಗೆ ಹೇಳಿಕೆ ಕೊಟ್ಟ ಕಿರಿಯ ಸಚಿವೆ ಎಡ್ವಿನಾ ಕರಿ ಹುದ್ದೆ ಬಿಡಬೇಕಾಯಿತು. ಅಲ್ಲಿ 1998ರಿಂದ ಲಸಿಕೆ ಹಾಕಿದ ಕೋಳಿಗಳ ಮೊಟ್ಟೆಗೆ ಸಿಂಹದ ಮುದ್ರೆ ಒತ್ತುವ ಯೋಜನೆ ನಡೆದು, 2017ರಲ್ಲಿ ಮಾತ್ರ ಆಹಾರ ಸುರಕ್ಷತಾ ಸಂಸ್ಥೆ ಆ ಮುದ್ರೆಯ ಮೊಟ್ಟೆಗಳನ್ನು ಬಸಿರಿಯರು, ಶಿಶುಗಳು, ವಯಸ್ಸಾದವರು ಅರೆಬೆಂದದ್ದಾಗಿ ತಿನ್ನಬಹುದು ಎಂದಿತು. ನಮ್ಮ ಅಂಗಡಿಯ ಟ್ರೇಯಲ್ಲಿರುವ ಮೊಟ್ಟೆಗೆ ಅಂಥ ಮುದ್ರೆ ಇಲ್ಲ. ಆದ್ದರಿಂದ ಈ ಮೂವರಿಗೂ, ಕಾಯಿಲೆಯಿಂದ ಸೊರಗಿದವರಿಗೂ ಹಳದಿ ಪೂರ್ತಿ ಗಟ್ಟಿಯಾಗುವಂತೆ ಆರೇಳು ನಿಮಿಷ ಬೇಯಿಸಿಯೇ ಕೊಡಬೇಕು. ಅವರಿಗೆ ಒಡೆದು ಬಿಟ್ಟ ಸಾರೇ ಮೇಲು, ಅಲ್ಲಿ ಗಟ್ಟಿ ಹಳದಿಯಿಂದ ರುಚಿ ಕೆಡುವುದಿಲ್ಲ. ಆರೋಗ್ಯವಾಗಿರುವ ಉಳಿದವರು ಪೋಚ್ ಮಾಡುವ ಮುನ್ನ ವಿನೆಗರನ್ನೋ ಹೊಸ ಬಟ್ಟಲನ್ನೋ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೊಟ್ಟೆ ಕೊಳ್ಳುವಾಗ ಟ್ರೇ ಯಾವತ್ತು ಬಂತು ಎಂದು ಅಂಗಡಿಯವರನ್ನು ಕೇಳಿ, ತಂದ ಕೂಡಲೇ ಫ್ರಿಜ್ಜಿನಲ್ಲಿಡಿ, ನೀರಿಗೆ ಬಿಡುವ ಮುನ್ನ ಒಮ್ಮೆ ಜಾಲರಿಯಲ್ಲಿ ಸೋಸಿ.