ಹಳದಿ ಪುಸ್ತಕ ಮತ್ತು ಷರತ್ತಿನ ಪಾಸ್‌ಪೋರ್ಟ್

ಬೈಲಕುಪ್ಪೆಯ ಒಂದೇ ಟಿಬೆಟನ್ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಣ್ಣ ಭಾರತದ ಪ್ರಜೆ, 1988ರಲ್ಲಿ ಹುಟ್ಟಿದ ತಂಗಿ ವಿದೇಶಿ. ಇದು ಕಾನೂನಿನ ಲೆಕ್ಕ. 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಇಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಹುಟ್ಟಿನಿಂದಲೇ ಪ್ರಜೆಗಳು. ಆಮೇಲಿನವರಿಗೆ ಹೆತ್ತವರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು.

ತಂಗಿಯ ಕೈಗೆ ಪಾಸ್‌ಪೋರ್ಟಿನ ಬದಲು ಸಿಗುವುದು ಐಡೆಂಟಿಟಿ ಸರ್ಟಿಫಿಕೇಟ್. ಕ್ಯಾಂಪಿನವರ ಬಾಯಲ್ಲಿ ಅದು ಐಸಿ, ಹಳದಿ ಪುಸ್ತಕ. ಕೊಡುವುದು ಭಾರತ ಸರ್ಕಾರವೇ. 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ ದೇಶವೊಂದು ಇಷ್ಟಾದರೂ ಕೊಟ್ಟಿದ್ದು ದೊಡ್ಡ ಮಾತೇ. 1960ರ ಹೊತ್ತಿಗೆ ಮೈಸೂರು ಸರ್ಕಾರ ಟಿಬೆಟನ್ನರಿಗೆ ಕಾಡಿನ ಜಮೀನು ಬಿಟ್ಟುಕೊಟ್ಟಿದ್ದೂ ಅದೇ ಔದಾರ್ಯದಿಂದ. ಆದರೆ ಐಸಿ ಹಿಡಿದವರಿಗೆ ವೀಸಾ ಸಿಕ್ಕರೆ ಸಾಲುತ್ತಿರಲಿಲ್ಲ. ಹೊರಡುವ ಮುನ್ನವೇ ವಾಪಸ್ ಬರಲು ಅಡ್ಡಿಯಿಲ್ಲವೆಂಬ ಅನುಮತಿಯನ್ನೂ ಪಡೆಯಬೇಕಿತ್ತು. ತಾನು ಹುಟ್ಟಿದ ಪಿರಿಯಾಪಟ್ಟಣ ತಾಲ್ಲೂಕಿಗೆ ಮರಳಲು ಅನುಮತಿ!

ಇದಕ್ಕಿಂತ ನನ್ನನ್ನು ಕೆಣಕುವುದು ಪ್ರಜೆಗಳಾದ ಅಣ್ಣನಂಥವರ ಪಾಡು. 1986ರಲ್ಲಿ ಹಿಮಾಚಲ ಪ್ರದೇಶದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಪಾಸ್‌ಪೋರ್ಟ್ ನಿರಾಕರಣೆಯನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2010ರಲ್ಲಿ ಆಕೆ ಪ್ರಜೆಯೇ ಎಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಇನ್ನೊಬ್ಬರ ಪ್ರಕರಣದಲ್ಲಿ ಅದನ್ನೇ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಸಂಸದರನ್ನು ಆರಿಸಬಲ್ಲವರಿಗೆ ಪಾಸ್‌ಪೋರ್ಟ್ ಕೊಡಿ ಎಂದು ಕಚೇರಿಗಳಿಗೆ ಆದೇಶ ಹೋಗಲು 2016ರ ಇನ್ನೊಂದು ತೀರ್ಪು ಬೇಕಾಯಿತು. ಆದೇಶ ಬಂದಿದ್ದು 2017ರಲ್ಲಿ.

ಅದರ ಬೆನ್ನಿಗೇ ಷರತ್ತುಗಳೂ ಬಂದವು. ನೋಂದಣಿ ಪ್ರಮಾಣಪತ್ರ (ಆರ್‌ಸಿ), ಐಸಿ ಎರಡನ್ನೂ ಒಪ್ಪಿಸಬೇಕಿತ್ತು. ಟಿಬೆಟನ್ ಕ್ಯಾಂಪಿನಲ್ಲಿ ವಾಸ ಬಿಡಬೇಕಿತ್ತು. ನಿರಾಶ್ರಿತರ ಸವಲತ್ತು ಪಡೆಯುವುದಿಲ್ಲವೆಂದು ಬರೆದುಕೊಡಬೇಕಿತ್ತು. ಮೊದಲನೆಯದು ಸರಿ; ಒಬ್ಬರಿಗೆ ಎರಡು ಗುರುತು ಯಾಕೆ? ಸವಲತ್ತಿನ ವಿಷಯಕ್ಕೂ ಒಂದು ತರ್ಕವಿದೆ. ಮನೆ ಬಿಡಿಸುವುದಕ್ಕೆ ಮಾತ್ರ ಯಾವ ತರ್ಕವೂ ಕಾಣದು. ಅಪ್ಪ ಅಮ್ಮ ಜೋಳ ಬೆಳೆದ ಹೊಲ, ಗೊಂಪಾ, ಶಾಲೆ ಎಲ್ಲ ಅಲ್ಲೇ ಇವೆ. ಹುಟ್ಟಿನಿಂದ ಬಂದ ಹಕ್ಕನ್ನು ಕೊಡಲು ಸರ್ಕಾರ ಹೀಗೆ ಚೌಕಾಸಿಗೆ ಇಳಿದರೆ ಅದು ಹಕ್ಕಾಗಿ ಉಳಿಯುವುದಿಲ್ಲ.

ಪಾಸ್‌ಪೋರ್ಟ್ ಪಡೆಯುವುದೆಂದರೆ ಟಿಬೆಟ್ಟಿನ ಹೋರಾಟಕ್ಕೆ ಬೆನ್ನು ತೋರಿಸಿದಂತೆ ಎಂದು ಭಾವಿಸಿ ಹಳದಿ ಪುಸ್ತಕವನ್ನೇ ಉಳಿಸಿಕೊಂಡವರೂ ಇದ್ದಾರೆ. ಅದು ಅವರ ರಾಜಕೀಯ ನಿಲುವು, ಗೌರವಿಸಬೇಕಾದದ್ದು. ಆದರೆ ಮನೆ ಬಿಡಬೇಕಾದೀತೆಂದು ಅರ್ಜಿಯನ್ನೇ ಹಾಕದವರ ಮೌನವನ್ನೂ ಸರ್ಕಾರಿ ಕಡತ ಇದೇ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.