ರಾಶಿ ದಿನಗಳಲ್ಲಿ ವಾರ್ನಿಶ್ ಡಬ್ಬಿ ತೆರೆಯಬೇಡಿ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಮನೆ ಹಿಂದಿನ ಪತ್ರಾ ಶೆಡ್ಡಿನಲ್ಲಿ ಸಾಗುವಾನಿ ಬಾಗಿಲಿಗೋ ಬೇವಿನ ಮೇಜಿಗೋ ವಾರ್ನಿಶ್ ಹಚ್ಚುವವರನ್ನು ನಾನು ಮೊದಲು ಕೇಳುವುದು ಬ್ರಶ್ ಯಾವುದು ಎಂದಲ್ಲ, ತಿಂಗಳು ಯಾವುದು ಎಂದು.

ಡಿಸೆಂಬರ್, ಜನವರಿ ಅಂದರೆ ಡಬ್ಬಿ ಮುಚ್ಚಿಡಿ. ತೊಗರಿ ರಾಶಿ ನಡೆದಿರುತ್ತದೆ. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕವೇನೋ ಬಂತು, ಅದರ ಹೊಟ್ಟು ಮಾತ್ರ ಯಾವ ಗಡಿಯನ್ನೂ ಕೇಳುವುದಿಲ್ಲ. ಎಣ್ಣೆ ವಾರ್ನಿಶಿನಲ್ಲಿ ಮೊದಲು ಟರ್ಪಂಟೈನ್ ಹಾರಿಹೋಗಬೇಕು, ಆಮೇಲೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಅಲ್ಲಿಯವರೆಗೆ ತಾಸುಗಟ್ಟಲೆ ಮೈಯೆಲ್ಲ ಅಂಟು, ಹಾರಿಬಂದ ಹೊಟ್ಟೆಲ್ಲ ಅದಕ್ಕೇ ಹತ್ತುತ್ತದೆ.

ಆ ದಿನಗಳಿಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಚಪಡಾ ಪಾಲಿಶ್ ಇದೆ. ಸ್ಪಿರಿಟ್ ನಿಮಿಷಗಳಲ್ಲಿ ಆರುತ್ತದೆ, ಧೂಳಿಗೆ ಕೂರಲು ಪುರಸೊತ್ತಿಲ್ಲ. ಚಪಡಾ ಅಂದರೆ ಅರಗು. ಇಂದು ಮತದಾನದ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ ಕೂಡ 1937ರಲ್ಲಿ ಹುಟ್ಟಿದ್ದು ಅರಗಿನ ಕೆಲಸಕ್ಕೇ. ಬಿಸಿ ಚಹಾದ ಕಪ್ಪು ಇಟ್ಟರೆ ಬಿಳಿ ಉಂಗುರ ಮೂಡುತ್ತದೆ ಎಂಬುದು ಇದರ ಕೊರತೆ. ಊಟದ ಮೇಜಿಗೆ ಬೇಡ, ದೇವರ ಮಂಟಪಕ್ಕೆ ಇದಕ್ಕಿಂತ ಚಂದದ್ದಿಲ್ಲ.

ವಾರ್ನಿಶೇ ಬೇಕೆಂದರೆ ಮಳೆಗಾಲದ ಕೊನೆಗೆ, ನಾಲ್ಕು ದಿನ ಬಿಸಿಲು ಬಿದ್ದಾಗ ಹಚ್ಚಿ. ಎರೆಮಣ್ಣು ಇನ್ನೂ ಹಸಿಯಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಉಜ್ಜುವ ಕೆಲಸ ಹಿಂದಿನ ದಿನವೇ ಮುಗಿಯಲಿ. ಎದ್ದ ಪುಡಿ ರಾತ್ರಿಯಿಡೀ ಕೆಳಗಿಳಿಯಲಿ. ಧೂಳು ಹೊರಗಿನಿಂದಷ್ಟೇ ಬರುತ್ತದೆಂದು ತಿಳಿಯಬೇಡಿ. ಗಾಳಿ ಬೀಸಿದಾಗ ಪತ್ರಾ ಅಲುಗಿ ವರ್ಷದ ಕಸವನ್ನೇ ಉದುರಿಸುತ್ತದೆ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಫರಸಿಗೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ, ನೂಲು ಬಿಡುವ ಹಳೇ ಶರ್ಟು ಕಳಚಿಡಿ. ಟರ್ಪಂಟೈನ್ ಸೋಕಿಸಿ ಹಿಂಡಿದ ಬಟ್ಟೆಯಿಂದ ಮರವನ್ನು ಕೊನೆಯ ಸಲ ಒರೆಸಿ.

ಡಬ್ಬಿಯನ್ನು ಅಲುಗಾಡಿಸಿದರೆ ಗುಳ್ಳೆ. ಕಡ್ಡಿಯಿಂದ ಮೆಲ್ಲಗೆ ಕಲಕಿ. ಬೇಕಾದಷ್ಟನ್ನೇ ತೆಳು ಬಟ್ಟೆಯಲ್ಲಿ ಸೋಸಿಕೊಂಡು ಬೇರೆ ಬಟ್ಟಲಿಗೆ ಹಾಕಿ. ಕೊಳೆ ಬ್ರಶ್ಶನ್ನು ಮತ್ತೆ ಮತ್ತೆ ಡಬ್ಬಿಗೇ ಅದ್ದುವವರು ಆಮೇಲೆ ಕಂಪನಿಯನ್ನು ಬೈಯುವುದು ನನಗೆ ಹಿಡಿಸದು. ದಪ್ಪ ಒಂದು ಕೋಟಿಗಿಂತ ತೆಳು ಮೂರು ಮೇಲು: ಬೇಗ ಆರುತ್ತದೆ, ಸೋರುವುದಿಲ್ಲ, ಹಲಗೆಯನ್ನು ತಕ್ಷಣ ಗೋಡೆಗೆ ನೆಟ್ಟಗೆ ನಿಲ್ಲಿಸಲೂಬಹುದು. ನಿಂತ ಹಲಗೆಯ ಮೇಲೆ ಧೂಳು ಕೂರುವುದು ಕಡಿಮೆ. ಕೋಟುಗಳ ನಡುವೆ, ಪೂರ್ತಿ ಒಣಗಿದ ಮೇಲೆ, 320 ನಂಬರಿನ ಕಾಗದ ಹಗುರವಾಗಿ ಆಡಿಸಿ.

ಇಷ್ಟಾದರೂ ಬೆರಳಿಗೆ ಒಂದೆರಡು ಧೂಳಿನ ಕಾಳು ಸಿಕ್ಕೇ ಸಿಗುತ್ತವೆ. ಅವಸರ ಬೇಡ. ಮೂರ್ನಾಲ್ಕು ವಾರ ಗಟ್ಟಿಯಾಗಲು ಬಿಟ್ಟು, 2000 ನಂಬರಿನ ವಾಟರ್ ಪೇಪರನ್ನು ಸಾಬೂನು ನೀರಲ್ಲಿ ಅದ್ದಿ ಉಜ್ಜಿ, ಒರೆಸಿ ಮೇಣ ಹಚ್ಚಿ.